ತಾಯಿ ಕಾರ್ಡನ್ನು ಎಸೆಯಬೇಡಿ



ಹೆಂಗಸರ ಹೃದಯದ ಮಾತನ್ನು ಒಬ್ಬ ಹೆಂಗಸಿನಿಂದಲೇ ಶುರು ಮಾಡುತ್ತೇನೆ. ಡಾ. ಎಸ್. ಪದ್ಮಾವತಿ ನಮ್ಮ ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ. 1917ರಲ್ಲಿ ಬರ್ಮಾದಲ್ಲಿ ಹುಟ್ಟಿದವರು. ರಂಗೂನಿನಲ್ಲಿ ಡಾಕ್ಟರಿಕೆ ಓದಿ, ಯುದ್ಧದ ಗಲಾಟೆಯಲ್ಲಿ 1942ರಲ್ಲಿ ತಾಯಿ ಮತ್ತು ಸೋದರಿಯರ ಜೊತೆ ಇಲ್ಲಿಗೆ ಬಂದರು. ಆಮೇಲೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಕಲಿತು, 1953ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು ಸೇರಿದರು. 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ ಅವರಿಗೆ 103 ವರ್ಷ.

ದೆಹಲಿಯಲ್ಲಿ ಅವರ ಗಮನ ಸೆಳೆದದ್ದು ಒಂದು ವಿಚಿತ್ರ ಸಂಗತಿ. ಶ್ವಾಸಕೋಶ ಹಾಳಾಗಿ, ಅದರ ಭಾರವೆಲ್ಲ ಹೃದಯದ ಬಲಭಾಗದ ಮೇಲೆ ಬಿದ್ದು, ಕಾಲು ಊದಿಕೊಂಡು ಏದುಸಿರು ಬರುವ ಕಾಯಿಲೆಯೊಂದಿದೆ. ಬೇರೆ ದೇಶಗಳಲ್ಲಿ ಅದು ಹೆಚ್ಚಾಗಿ ಸಿಗರೇಟು ಸೇದುವ ಗಂಡಸರ ಕಾಯಿಲೆ. ಇಲ್ಲಿ ನೋಡಿದರೆ ಬೀಡಿ ಸಿಗರೇಟು ಮುಟ್ಟದ ಹೆಂಗಸರೂ ಗಂಡಸರಷ್ಟೇ ಸಂಖ್ಯೆಯಲ್ಲಿ ಬರುತ್ತಿದ್ದಾರೆ! ಪದ್ಮಾವತಿಯವರು ಆ ಹೆಂಗಸರ ದಿನಚರಿ ನೋಡಿದರು. ಸಣ್ಣ ಹುಡುಗಿಯಾಗಿದ್ದಾಗಿನಿಂದ ಸೌದೆ, ಬೆರಣಿಯ ಒಲೆಯ ಮುಂದೆ ಕೂತು ಊದಿದವರು ಇವರು. ಹೊಗೆ ಬಂದದ್ದು ಅಡುಗೆಮನೆಯಿಂದ. 1959ರಲ್ಲಿ ಅವರು ಅದನ್ನು ಅಮೆರಿಕದ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಅಡುಗೆಮನೆಯ ಹೊಗೆಯ ಬಗ್ಗೆ ಜಗತ್ತು ಜೋರಾಗಿ ಮಾತಾಡಲು ಶುರು ಮಾಡಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ನಾನು ಇವತ್ತು ಹೇಳಬೇಕೆಂದಿರುವುದೂ ಇಷ್ಟೇ. ಹೆಂಗಸಿನ ಹೃದಯದ ವಿಷಯ ತಿಳಿಯಬೇಕಾದರೆ ಅವಳು ಬಾಲ್ಯದಿಂದ ಬದುಕಿದ ಬದುಕನ್ನು ಕೇಳಬೇಕು. ಡಾಕ್ಟರು ಕೇಳದಿದ್ದರೆ ಅವಳೇ ಹೇಳಬೇಕು. ಹೇಳುವ ಧೈರ್ಯ, ಹೇಳಲು ಬೇಕಾದ ವಿಷಯ ಎರಡೂ ಅವಳ ಕೈಯಲ್ಲಿರಬೇಕು.

ಕೇಳದೆ ಹೋದದ್ದರ ಇತಿಹಾಸ ದೊಡ್ಡದಿದೆ. ಆಸ್ಪಿರಿನ್ ಮಾತ್ರೆ ಹೃದಯಾಘಾತ ತಡೆಯುತ್ತದೆ ಎಂದು ಲೋಕಕ್ಕೆಲ್ಲ ಸಾರಿದ ಅಮೆರಿಕದ ಅಧ್ಯಯನದ ಫಲಿತಾಂಶ 1989ರಲ್ಲಿ ಬಂತು. ಅದರಲ್ಲಿದ್ದವರು 22,071 ಮಂದಿ ಡಾಕ್ಟರುಗಳು. ಅಷ್ಟೂ ಜನ ಗಂಡಸರು! ಹೆಂಗಸರ ಮೇಲೆ ಅದೇ ಪರೀಕ್ಷೆ ಮಾಡಿ ಫಲಿತಾಂಶ ಹೇಳಿದ್ದು 2005ರಲ್ಲಿ. ಸುಮಾರು ನಲವತ್ತು ಸಾವಿರ ಆರೋಗ್ಯವಂತ ಹೆಂಗಸರು ಅದರಲ್ಲಿದ್ದರು. ಫಲಿತಾಂಶ ಬೇರೆಯೇ ಬಂತು: ಪಾರ್ಶ್ವವಾಯು ಸ್ವಲ್ಪ ಕಡಿಮೆಯಾಯಿತು, ಆದರೆ ಮೊದಲ ಹೃದಯಾಘಾತ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ನಡುವಿನ ಹದಿನಾರು ವರ್ಷ ಗಂಡಸರ ಲೆಕ್ಕದಲ್ಲೇ ಹೆಂಗಸರಿಗೂ ಸಲಹೆ ಸಿಗುತ್ತಿತ್ತು. ಯಾರೋ ಹೇಳಿದರೆಂದು ತಾವಾಗಿ ಆಸ್ಪಿರಿನ್ ನುಂಗುತ್ತಿರುವವರು ಈ ಸಭೆಯಲ್ಲಿದ್ದರೆ, ದಯವಿಟ್ಟು ನಿಮ್ಮ ಡಾಕ್ಟರನ್ನು ಕೇಳಿ. ಡಾಕ್ಟರೇ ಬರೆದುಕೊಟ್ಟದ್ದಾದರೆ ನೀವಾಗಿ ನಿಲ್ಲಿಸಬೇಡಿ.

ಈಗ ಬಾಲ್ಯಕ್ಕೆ ಬರೋಣ. ಐದರಿಂದ ಹದಿನೈದು ವರ್ಷದೊಳಗಿನ ಮಗುವಿಗೆ ಗಂಟಲು ನೋವು, ಜ್ವರ. ಆಮೇಲೆ ಮೊಣಕಾಲು, ಮೊಣಕೈ ಊದಿಕೊಂಡು ನೋವು. ಒಂದು ಕೀಲಿನಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಶುರುವಾಗುತ್ತದೆ. ಕೆಲವು ವಾರದಲ್ಲಿ ಎಲ್ಲ ಮಾಯ, ಮನೆಯವರು ಮರೆತೂ ಬಿಡುತ್ತಾರೆ. ಇದಕ್ಕೆ ರುಮ್ಯಾಟಿಕ್ ಜ್ವರ ಎನ್ನುತ್ತೇವೆ. ಕೀಲುಗಳನ್ನು ಅದು ಬಿಟ್ಟು ಹೋಗುತ್ತದೆ, ಹೃದಯದ ಕವಾಟವನ್ನು ಬಿಡುವುದಿಲ್ಲ. ವರ್ಷಗಳು ಕಳೆದಂತೆ ಕವಾಟ ದಪ್ಪವಾಗಿ, ಅಂಟಿಕೊಂಡು, ದಾರಿ ಕಿರಿದಾಗುತ್ತದೆ. ಹೆಣ್ಣುಮಕ್ಕಳಲ್ಲೇ ಇದು ಹೆಚ್ಚು. ಇಕ್ಕಟ್ಟಾದ ಮನೆ, ಬಡತನ, ತಡವಾಗಿ ಸಿಗುವ ಚಿಕಿತ್ಸೆ, ಈ ಮೂರರ ಜೊತೆಗೇ ಅದು ಬರುತ್ತದೆ.

ಅದು ಹೊರಬೀಳುವುದು ಹೆಚ್ಚಾಗಿ ಬಸಿರಿನಲ್ಲಿ. ಬಸುರಿಯ ದೇಹದಲ್ಲಿ ರಕ್ತದ ಪ್ರಮಾಣ ಒಂದೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಕಿರಿದಾದ ಬಾಗಿಲಿನಲ್ಲಿ ಅಷ್ಟು ರಕ್ತ ದಾಟಬೇಕು. ಐದು, ಆರು ತಿಂಗಳಿಗೆ ಬರುವಾಗ ಹುಡುಗಿಗೆ ಮಲಗಲಾಗದು, ರಾತ್ರಿ ಎದ್ದು ಕೂರುತ್ತಾಳೆ, ಎರಡು ಮೆಟ್ಟಿಲಿಗೆ ಉಬ್ಬಸ. "ಚೊಚ್ಚಲಲ್ವಾ, ಹೀಗೆಲ್ಲ ಆಗುತ್ತೆ ಸುಮ್ಮನಿರು" ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಗುಡುಗುಟ್ಟುವ ಒಂದು ತಗ್ಗಿದ ಸದ್ದು ಕೇಳುತ್ತದೆ, ಎಕೋ ಮಾಡಿದರೆ ಕವಾಟ ಕಾಣುತ್ತದೆ. ತೊಡೆಸಂದಿನ ರಕ್ತನಾಳದಿಂದ ತೆಳ್ಳಗಿನ ನಳಿಗೆ ತೂರಿಸಿ, ಅಂಟಿದ ಕವಾಟದ ನಡುವೆ ಬಲೂನು ಉಬ್ಬಿಸಿ ಬಿಡಿಸುವ ಚಿಕಿತ್ಸೆ ಇದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಡಾಕ್ಟರುಗಳು ಇದರಲ್ಲಿ ಪಳಗಿದವರು. ಬಲೂನು ಉಬ್ಬಿ ಇಳಿಯುವುದು ಕೆಲವೇ ಸೆಕೆಂಡುಗಳಲ್ಲಿ. ವಾರಗಟ್ಟಲೆ ಕೂತೇ ನಿದ್ದೆ ಮಾಡಿದ ಹುಡುಗಿ ಅದಾದ ಮೇಲೆ ಮಲಗಿ ನಿದ್ದೆ ಮಾಡಿದ್ದನ್ನು ನೋಡಿದ್ದೇನೆ. ಡಾಕ್ಟರಾದವಳಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಇಷ್ಟಕ್ಕೆ ಹೋಗದಂತೆ ತಡೆಯುವುದು ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್. ಅಗ್ಗದ ಔಷಧಿ, ಆದರೆ ಚುಚ್ಚಿದರೆ ಬಹಳ ನೋವು, ವರ್ಷಾನುಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕು. ಗಂಡುಮಗನಿಗೆ ತಪ್ಪದೆ ಕೊಡಿಸುವ ಮನೆಯಲ್ಲಿ ಮಗಳಿಗೆ ಮದುವೆ ಮಾತುಕತೆ ಬಂದಾಗ ಇಂಜೆಕ್ಷನ್ ನಿಂತುಬಿಡುತ್ತದೆ. ಗಂಡಿನ ಕಡೆಯವರಿಗೆ ಗೊತ್ತಾದರೆ ಸಂಬಂಧ ಮುರಿದೀತೆಂಬ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಹೇಳುತ್ತೇನೆ, ಮುಚ್ಚಿಡಬೇಡಿ.

ಇನ್ನು ತಾಯಿ ಕಾರ್ಡಿನ ವಿಷಯ. ಬಸುರಿಯಾದಾಗ ಆರೋಗ್ಯ ಇಲಾಖೆಯವರು ಕೊಡುವ ಈ ಕಾರ್ಡು ನಿಮಗೆಲ್ಲ ಗೊತ್ತು. ತಿಂಗಳು ತಿಂಗಳ ಬಿ.ಪಿ., ತೂಕ, ರಕ್ತ, ಮೂತ್ರದ ಪರೀಕ್ಷೆ ಎಲ್ಲ ಅದರಲ್ಲಿ ಬರೆದಿರುತ್ತದೆ. ಮಗುವಿನ ಚುಚ್ಚುಮದ್ದು ಮುಗಿದ ಮೇಲೆ ಅದು ಯಾವುದೋ ಡಬ್ಬದ ತಳ ಸೇರುತ್ತದೆ, ಇಲ್ಲವೇ ಹರಿದು ಹೋಗುತ್ತದೆ. ಅದು ನಿಮ್ಮ ಹೃದಯದ ದಾಖಲೆಯೂ ಹೌದು. ಬಸಿರಿನಲ್ಲಿ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಮುಖ ಕೈಕಾಲು ಊದಿಕೊಂಡ ಹೆಂಗಸಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬಸಿರಿನಲ್ಲಿ ಶುಗರ್ ಬಂದವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹಲವು ಪಟ್ಟು. ಹೆರಿಗೆಯಾದ ಮೇಲೆ ಬಿ.ಪಿ. ಇಳಿಯುತ್ತದೆ, ಶುಗರ್ ಇಳಿಯುತ್ತದೆ, ಬಾಣಂತನದ ಸಂಭ್ರಮದಲ್ಲಿ ಎಲ್ಲರೂ ಮರೆಯುತ್ತಾರೆ. ದೇಹ ಮರೆತಿರುವುದಿಲ್ಲ. ಅಮೆರಿಕದ ಹೃದ್ರೋಗ ಸಂಘ 2011ರಲ್ಲಿ ಇದನ್ನು ಹೆಂಗಸರ ಹೃದಯದ ಅಪಾಯಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಐವತ್ತರ ಹೆಂಗಸು ಎದೆನೋವೆಂದು ಬಂದರೆ ಬಸಿರಿನಲ್ಲಿ ಬಿ.ಪಿ. ಇತ್ತಾ ಎಂದು ಕೇಳುವ ಡಾಕ್ಟರು ಇವತ್ತಿಗೂ ಅಪರೂಪ.

ಆದ್ದರಿಂದ ನೀವೇ ಕಾರ್ಡು ಹಿಡಿದುಕೊಂಡು ಹೋಗಿ. ಬಸಿರಿನಲ್ಲಿ ಶುಗರ್ ಇದ್ದವರು ಹೆರಿಗೆಯಾಗಿ 6ರಿಂದ 12 ವಾರದೊಳಗೆ ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೂ ಬಿಡದೆ ಮಾಡಿಸುತ್ತಿರಿ. ಬಿ.ಪಿ. ಇದ್ದವರು ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಿ. ನಿಮ್ಮ ತಾಯಿಗೆ ಕಾರ್ಡು ಇರಲಿಲ್ಲ ಅನ್ನಿ, ಅವರನ್ನೇ ಕೂರಿಸಿ ಕೇಳಿ. ಯಾವ ಹೆರಿಗೆಯಲ್ಲಿ ಫಿಟ್ಸ್ ಬಂದಿತ್ತು, ಯಾವ ಮಗು ದಿನ ತುಂಬುವ ಮೊದಲೇ ಹುಟ್ಟಿತು ಎಂದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಮುಟ್ಟು ನಿಲ್ಲುವುದು ನಮ್ಮಲ್ಲಿ ಸಾಮಾನ್ಯವಾಗಿ ನಲವತ್ತಾರು, ನಲವತ್ತೇಳರ ಸುಮಾರಿಗೆ. ಅದಾದ ಮೇಲೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಬೊಜ್ಜು ಹೊಟ್ಟೆಯ ಸುತ್ತ ಸೇರುತ್ತದೆ. ಭಾರತದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಮುಟ್ಟು ನಲವತ್ತರ ಮೊದಲೇ ನಿಂತರೆ ಹೃದಯಕ್ಕೆ ಅಪಾಯ ಹೆಚ್ಚು. ಸಣ್ಣ ವಯಸ್ಸಿನಲ್ಲೇ ಅಂಡಾಶಯ ತೆಗೆಸಿದರೂ ಅಷ್ಟೇ. ಇಲ್ಲಿ ಒಂದು ನೋವಿನ ಮಾತು ಹೇಳಲೇಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಇನ್ನೂ ಚಿಕ್ಕ ವಯಸ್ಸಿನ ಎಷ್ಟೋ ಹೆಂಗಸರಿಗೆ ಅಗತ್ಯವೇ ಇಲ್ಲದೆ ಗರ್ಭಕೋಶ ತೆಗೆದ ಸಂಗತಿ 2015ರ ಸುಮಾರಿಗೆ ಹೊರಬಂತು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರ್ ಹೆದರಿಕೆ ಹಾಕಿ ಆಪರೇಷನ್ ಮಾಡಿದ್ದರು. ಗರ್ಭಕೋಶದ ಆಪರೇಷನ್ ಮಾಡಬೇಕು ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರ ಹತ್ತಿರ ಆಪರೇಷನ್ ಬೇಡವೇ ಬೇಡ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೇಳಿದ್ದು, ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಬರುತ್ತದೆ. ಅದಕ್ಕೇ ಇದು ಗಂಡಸರ ಕಾಯಿಲೆ ಎಂಬ ಮಾತು ಹುಟ್ಟಿದ್ದು. ಆದರೆ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಹೆಂಗಸರ ಹೃದಯವನ್ನು ಗಂಡಸರದ್ದಕ್ಕಿಂತ ಹೆಚ್ಚು ಕೆಡಿಸುತ್ತವೆ ಎಂದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ದಿನನಿತ್ಯದ ಊಟ, ನಡಿಗೆಯ ಬಗ್ಗೆ ನೀವು ಟಿ.ವಿ.ಯಲ್ಲಿ ಬೇಕಾದಷ್ಟು ಕೇಳಿದ್ದೀರಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಸಾರಿನದ್ದು, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯದ್ದು ಎಲ್ಲ ಸೇರಿ ಅಷ್ಟು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಬೇಕು. ದಿನವಿಡೀ ಮನೆಗೆಲಸ ಮಾಡುತ್ತೇವಲ್ಲ ಎನ್ನುತ್ತೀರಿ. ಅದು ವ್ಯರ್ಥವಲ್ಲ, ಆದರೆ ನಿಂತು ಮಾಡುವ ಕೆಲಸದಲ್ಲಿ ಉಸಿರು ಏರುವುದು ಕಡಿಮೆ. ಎಲೆ ಅಡಿಕೆ ಬೇಕಾದರೆ ಹೊಗೆಸೊಪ್ಪು, ಕಡ್ಡಿಪುಡಿ ಬಿಟ್ಟು ಹಾಕಿಕೊಳ್ಳಿ ಎಂದು ಹೇಳುವ ಮನಸ್ಸಾಗುತ್ತದೆ, ಆದರೆ ಬಾಯಿ ಕ್ಯಾನ್ಸರಿಗೆ ಅಡಿಕೆಯೊಂದೇ ಸಾಕು. ಎರಡನ್ನೂ ಬಿಡಿ.

ನನ್ನ ಕಳವಳ ಬೇರೆ ಎರಡು ವಿಷಯಕ್ಕೆ. ಒಂದು, ಎಲ್ಲರ ಊಟವಾದ ಮೇಲೆ ಕೂರುವ ಅಭ್ಯಾಸ. ಆ ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತದೆ, ಕಾಳು ಮಕ್ಕಳ ತಟ್ಟೆಗೆ ಹೋಗಿರುತ್ತದೆ. ಉಳಿದ ಅನ್ನ, ತಳದ ಸಾರು, ಉಪ್ಪಿನಕಾಯಿಯಲ್ಲಿ ಅವಳ ಊಟ ಮುಗಿಯುತ್ತದೆ. ಹೃದಯಕ್ಕೆ ಬೇಡದ್ದೆಲ್ಲ ಅವಳ ಪಾಲಿಗೆ, ಬೇಕಾದದ್ದು ಉಳಿದವರಿಗೆ. ಅಡುಗೆಯಾದ ತಕ್ಷಣ ನಿಮ್ಮ ಪಾಲಿನ ಸೊಪ್ಪು, ಕಾಳು ತೆಗೆದಿಡಿ. ಇಲ್ಲಿರುವ ಗಂಡಸರೇ, ಅವರು ತೆಗೆದಿಟ್ಟಿದ್ದಾರಾ ಎಂದು ನೀವು ನೋಡಿ.

ಇನ್ನೊಂದು ಮಾತ್ರೆಯದು. ಗಂಡನ ಬಿ.ಪಿ. ಮಾತ್ರೆ ಮುಗಿಯುವ ಎರಡು ದಿನ ಮುಂಚೆ ಮೆಡಿಕಲ್ ಶಾಪಿಗೆ ಹೋಗುವವಳು, ತನ್ನದು ಮುಗಿದರೆ "ಬಿ.ಪಿ. ನಾರ್ಮಲ್ ಬಂದಿದೆ, ಬಿಟ್ಟೆ" ಎನ್ನುತ್ತಾಳೆ. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಇಬ್ಬರ ಚೀಟಿಯನ್ನೂ ಒಂದೇ ದಿನ ಅಂಗಡಿಗೆ ಕೊಂಡೊಯ್ಯಿರಿ.

ಕೊನೆಯದು, ಹೃದಯಾಘಾತ ಆದಾಗ ಏನು ಮಾಡಬೇಕು. ಹೆಂಗಸರಿಗೆ ಎದೆನೋವು ಬರುವುದೇ ಇಲ್ಲ ಎಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ಸುಳ್ಳು. ಅವರಲ್ಲೂ ಎದೆ ಹಿಂಡಿದಂತಾಗುವುದೇ ಮುಖ್ಯ ಲಕ್ಷಣ. ಜೊತೆಗೆ ಉಬ್ಬಸ, ತಣ್ಣನೆಯ ಬೆವರು, ವಾಕರಿಕೆ, ದವಡೆ, ಬೆನ್ನು ಅಥವಾ ಭುಜದ ನೋವು, ಹಿಂದೆಂದೂ ಕಾಣದಂಥ ಸುಸ್ತು ಇರಬಹುದು. ಇದೆಲ್ಲ ಸೇರಿದಾಗ ಮೊದಲು ಬಾಯಿಗೆ ಬರುವ ಹೆಸರು ಗ್ಯಾಸ್ಟ್ರಿಕ್. ಜೀರಿಗೆ ಕಷಾಯ, ಸೋಡಾ, ಮಾತ್ರೆ ಎಂದು ಎರಡು ಗಂಟೆ ಹೋಗುತ್ತದೆ. ಒಲೆ ಆರಿಸಿ, ಮಕ್ಕಳಿಗೆ ಬಡಿಸಿ, ಸೀರೆ ಬದಲಿಸಿ ಹೊರಡಲು ಇನ್ನೊಂದು ಗಂಟೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಅಷ್ಟು ಹೃದಯ ಉಳಿಯುತ್ತದೆ, ಮೊದಲ ಗಂಟೆಗಳಲ್ಲಿ ಅದರ ಬಲ ಹೆಚ್ಚು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ತಜ್ಞರಿಗೆ ಕಳಿಸಿ, ಆ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. 108ಕ್ಕೆ ಫೋನ್ ಮಾಡಿ. ಮೊದಲ ಇ.ಸಿ.ಜಿ. ಸರಿಯಾಗಿದ್ದು ನೋವು ಮಾತ್ರ ಹಾಗೇ ಇದ್ದರೆ, ಇನ್ನೊಮ್ಮೆ ತೆಗೆಯಿರಿ, ಟ್ರೋಪೊನಿನ್ ರಕ್ತಪರೀಕ್ಷೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ. ಹೇಳಲು ಸಂಕೋಚವಾದರೆ ಜೊತೆಗೆ ಬಂದವರು ಹೇಳಲಿ.

ಹೊರಗೆ ಜಗುಲಿಯಲ್ಲಿ ಬಿ.ಪಿ. ನೋಡುವ ಏರ್ಪಾಡಿದೆ. ಹೋಗಿ ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ತೋಳು ಕೊಡಿ. ಎರಡೂ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. 140/90 ಅಥವಾ ಅದಕ್ಕಿಂತ ಮೇಲೆ ಬಂದವರು ಹೋಗುವ ಮುಂಚೆ ನನ್ನನ್ನು ಕಾಣಿ. ಪ್ರಶ್ನೆಗಳಿದ್ದರೆ ಈಗಲೇ ಕೇಳಬಹುದು.