ಗಿರಣಿಯೊಳಗೆ ಹೊಕ್ಕು ನೋಡಿದರೆ



ಯಂತ್ರಕ್ಕೆ ನಮ್ಮಂತೆ ಅರಿವು ಬಂದೀತೇ? ಇದು ಕಂಪ್ಯೂಟರ್ ಜೊತೆಗೆ ಹುಟ್ಟಿದ ಪ್ರಶ್ನೆಯಲ್ಲ. 1714ರಲ್ಲೇ ಜರ್ಮನಿಯ ತತ್ವಜ್ಞಾನಿ ಲೈಬ್‌ನಿಜ್ ಇದನ್ನು ಎತ್ತಿದ್ದರು. ಯೋಚಿಸುವ, ಅನುಭವಿಸುವ ಯಂತ್ರವೊಂದಿದೆ ಎಂದುಕೊಳ್ಳಿ, ಅದನ್ನು ಗಿರಣಿಯಷ್ಟು ಹಿಗ್ಗಿಸಿ ಒಳಗೆ ಹೊಕ್ಕು ನೋಡಿ, ಎಂದರು. ಕಾಣುವುದೇನು? ಒಂದನ್ನೊಂದು ತಳ್ಳುವ ಬಿಡಿಭಾಗಗಳು, ಅಷ್ಟೇ. ನೋವಾಗಲಿ ನಲಿವಾಗಲಿ ಯಾವ ಮೂಲೆಯಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಭೌತವಾದಿಗಳಾದ ನಮ್ಮ ಚಾರ್ವಾಕರು ಅದಕ್ಕೂ ಎಷ್ಟೋ ಮೊದಲೇ ಇದಕ್ಕೊಂದು ಉತ್ತರ ಕೊಟ್ಟಿದ್ದರು. ಹೆಂಡಕ್ಕೆ ಹಾಕುವ ಪದಾರ್ಥಗಳಲ್ಲಿ ಬಿಡಿಬಿಡಿಯಾಗಿ ಅಮಲಿಲ್ಲ. ಕೂಡಿ ಹುಳಿ ಬಂದಾಗ ಅಮಲು ಹುಟ್ಟುತ್ತದೆ. ಮಣ್ಣು, ನೀರು, ಬೆಂಕಿ, ಗಾಳಿ ದೇಹವಾಗಿ ಕೂಡಿದಾಗ ಚೈತನ್ಯ ಮೂಡುವುದೂ ಹಾಗೆಯೇ ಎಂದರು. ಸಾಂಖ್ಯ ದರ್ಶನದವರು ಒಪ್ಪಲಿಲ್ಲ. ಅವರಿಗೆ ಬುದ್ಧಿಯೂ ಜಡ ಪ್ರಕೃತಿಯದೇ ಕೂಸು, ಅರಿವು ಮಾತ್ರ ಪುರುಷನದು, ಅಂದರೆ ಪ್ರಕೃತಿಯಿಂದ ಬೇರೆಯಾದ ಚೇತನದ್ದು. ಬುದ್ಧಿ ಬೇರೆ, ಅರಿವು ಬೇರೆ ಎಂಬ ಈ ವಿಂಗಡಣೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇಂದಿನ ಚರ್ಚೆ ಎಡವುವುದೇ ಅಲ್ಲಿ.

1949ರಲ್ಲಿ ಮ್ಯಾಂಚೆಸ್ಟರಿನ ನರಶಸ್ತ್ರವೈದ್ಯ ಜೆಫರ್ಸನ್, ಯಂತ್ರ ಮೆದುಳಿಗೆ ಸಮ ಎನ್ನಬೇಕಾದರೆ ಅದು ಭಾವ ಉಕ್ಕಿ ಕವಿತೆ ಬರೆಯಬೇಕು, ತಾನು ಬರೆದೆನೆಂಬುದೂ ಅದಕ್ಕೆ ತಿಳಿದಿರಬೇಕು ಎಂದು ವಾದಿಸಿದರು. ಮರುವರ್ಷ ಗಣಿತಜ್ಞ ಅಲನ್ ಟ್ಯೂರಿಂಗ್ ಕೊಟ್ಟ ಉತ್ತರ ಇಷ್ಟು: ಹಾಗೆ ಪಟ್ಟು ಹಿಡಿದರೆ ಪಕ್ಕದ ಮನುಷ್ಯನಿಗೆ ಮನಸ್ಸಿದೆಯೆಂದೂ ಸಾಧಿಸಲಾಗದು. ಆದ್ದರಿಂದ ಮಾತುಕತೆಯನ್ನೇ ಪರೀಕ್ಷೆಯಾಗಿಡೋಣ ಎಂದರು.

ಆ ಮಾತುಕತೆ ಎಷ್ಟು ಬೇಗ ನಮ್ಮನ್ನು ಮರುಳು ಮಾಡುತ್ತದೆ ಎಂಬುದು ಅಮೆರಿಕದ ಎಂಐಟಿಯಲ್ಲಿ ಬಯಲಾಯಿತು. ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಎಲೈಜಾ ಎಂಬ ಪ್ರೋಗ್ರಾಂ ನಾವು ಟೈಪಿಸಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು. ‘ಅಮ್ಮನ ಮೇಲೆ ಸಿಟ್ಟು’ ಎಂದರೆ ‘ಅಮ್ಮನ ಬಗ್ಗೆ ಇನ್ನಷ್ಟು ಹೇಳಿ’ ಎನ್ನುವ ಹಾಗೆ. ಅದರಲ್ಲಿ ಬೇರೇನೂ ಇರಲಿಲ್ಲ. ಅವರ ಕಾರ್ಯದರ್ಶಿ ತಿಂಗಳುಗಟ್ಟಲೆ ಆ ಕೆಲಸವನ್ನು ಪಕ್ಕದಲ್ಲೇ ನೋಡಿದ್ದವರು. ಆದರೂ ನಾಲ್ಕು ಮಾತಾಡುವಷ್ಟರಲ್ಲಿ, ದಯವಿಟ್ಟು ಸ್ವಲ್ಪ ಹೊರಗಿರಿ ಎಂದು ವೈಜೆನ್‌ಬಾಮರನ್ನೇ ಕೇಳಿಕೊಂಡರು! ಆಕೆಯನ್ನು ನಾನು ದೂರಲಾರೆ. ಕಿವಿಗೊಡುವವರು ಸಿಕ್ಕರೆ ಮನಸ್ಸು ತೆರೆದುಕೊಳ್ಳುತ್ತದೆ. ಅದು ಮನುಷ್ಯ ಸ್ವಭಾವ. ವೈಜೆನ್‌ಬಾಮ್ ಮಾತ್ರ ಕಳವಳಗೊಂಡರು, ಮುಂದೆ ಜೀವನವಿಡೀ ಈ ಮೋಹದ ವಿರುದ್ಧ ಎಚ್ಚರಿಸಿದರು.

1980ರಲ್ಲಿ ತತ್ವಜ್ಞಾನಿ ಜಾನ್ ಸರ್ಲ್, ಚೀನೀ ಬಾರದವನೂ ನಿಯಮದ ಪುಸ್ತಕ ನೋಡಿ ಚೀನೀ ಅಕ್ಷರ ಜೋಡಿಸಿ ಉತ್ತರ ಕೊಡಬಲ್ಲ, ಆದರೆ ಅರ್ಥ ಅವನಿಗೆ ತಿಳಿಯದು, ಕಂಪ್ಯೂಟರಿನದೂ ಅದೇ ಕಥೆ ಎಂದರು. 2022ರಲ್ಲಿ ಗೂಗಲ್‌ನ ಎಂಜಿನಿಯರೊಬ್ಬರು ತಾವು ಮಾತಾಡಿದ ಯಂತ್ರಕ್ಕೆ ಅರಿವಿದೆ ಎಂದು ಬಹಿರಂಗವಾಗಿ ಸಾರಿದಾಗ ನನಗೆ ನೆನಪಾದದ್ದು ಆ ಕಾರ್ಯದರ್ಶಿಯೇ.

ನನ್ನ ನಿಲುವು ಹೇಳಿಬಿಡುತ್ತೇನೆ. ಮಾಂಸದಲ್ಲಿ ಮೂಡಿದ ಅರಿವು ಬೇರೆ ವಸ್ತುವಿನಲ್ಲಿ ಎಂದೂ ಮೂಡದು ಎಂದು ಆಣೆ ಮಾಡಲಾರೆ. ಆದರೆ ಮನುಷ್ಯರ ಬರಹವನ್ನೇ ಉಂಡು ಬೆಳೆದ ಯಂತ್ರ ‘ನನಗೆ ನೋವಾಗುತ್ತಿದೆ’ ಎಂದರೆ, ಆ ಮಾತು ನೋವಿಗೆ ಸಾಕ್ಷಿಯಲ್ಲ.

ನಮ್ಮದೇ ಅರಿವಿನ ಗುಟ್ಟನ್ನೂ ನಾವಿನ್ನೂ ಬಿಡಿಸಿಲ್ಲ. 25 ವರ್ಷದೊಳಗೆ ಮೆದುಳಿನಲ್ಲಿ ಅದರ ಗುರುತು ಸ್ಪಷ್ಟವಾಗಿ ಸಿಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟಾಫ್ ಕೋಖ್ 1998ರಲ್ಲಿ ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಜೊತೆ ಪಣ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಸೋಲೊಪ್ಪಿ ವೈನ್ ಬಾಟಲಿ ಕೊಟ್ಟರು. ಕೊಟ್ಟು, ಇನ್ನೂ 25 ವರ್ಷಕ್ಕೆ ಮತ್ತೆ ಪಣ ಕಟ್ಟಿದರು. ಅದರ ಗಡುವು 2048.