ಮೊಸರನ್ನ ನಿಲ್ಲಿಸುವ ಮುನ್ನ

(ನಾರ್‌ಕ್ರಾಸ್‌ನಲ್ಲಿ ಕನ್ನಡ ಕುಟುಂಬಗಳು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ)



ಊಟದ ಹೊತ್ತಾಗಿದೆ, ಊಟದ ಬಗ್ಗೆಯೇ ಮಾತಾಡುತ್ತೇನೆ. ಆಟಿಸಂ ಇರುವ ಮಕ್ಕಳ ಊಟದ ಬಗ್ಗೆ. "ಹಾಲು ನಿಲ್ಲಿಸಿ, ಗೋಧಿ ನಿಲ್ಲಿಸಿ, ಮಗು ಮಾತಾಡುತ್ತೆ" ಅನ್ನುವ ಸಲಹೆ ಊರಿಂದ ಬರುವ ಫೋನಿನಲ್ಲೂ ಇದೆ, ಇಲ್ಲಿನ ಪಾಟ್‌ಲಕ್‌ಗಳಲ್ಲೂ ಇದೆ. ಇದು ಎಷ್ಟು ನಿಜ?

ವಾದ ಇಷ್ಟು: ಗೋಧಿಯ ಗ್ಲೂಟನ್, ಹಾಲಿನ ಕೇಸೀನ್ ಸರಿಯಾಗಿ ಅರಗದೆ, ಅವುಗಳ ತುಣುಕುಗಳು ಕರುಳಿಂದ ಸೋರಿ ಮಿದುಳನ್ನು ಮುಟ್ಟುತ್ತವೆ ಅಂತ. ಪರೀಕ್ಷೆಯಲ್ಲಿ ಇದು ನಿಂತಿಲ್ಲ. ರೋಚೆಸ್ಟರ್ ಯೂನಿವರ್ಸಿಟಿಯವರು 14 ಮಕ್ಕಳಿಗೆ ಇವೆರಡೂ ಇಲ್ಲದ ಊಟ ಕೊಟ್ಟು, ನಡುನಡುವೆ ಯಾರಿಗೂ ತಿಳಿಯದಂತೆ ಬೆರೆಸಿ ನೋಡಿದರು. ನಡವಳಿಕೆಯಲ್ಲಾಗಲಿ ನಿದ್ದೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಚಿಕ್ಕ ಅಧ್ಯಯನ, ನಿಜ. ಆದರೆ ಬ್ರಿಟನ್ನಿನ ನೈಸ್ ಸಂಸ್ಥೆಯೂ 2013ರಲ್ಲಿ, ಆಟಿಸಂನ ಮೂಲ ಲಕ್ಷಣಗಳಿಗೆ ಈ ಡಯೆಟ್ ಬಳಸಬೇಡಿ ಅಂದಿತು.

ಹಾಗಾದರೆ ಊಟಕ್ಕೂ ಈ ಮಕ್ಕಳಿಗೂ ಸಂಬಂಧವೇ ಇಲ್ಲವೇ? ಖಂಡಿತ ಇದೆ. ನಮ್ಮ ಅಟ್ಲಾಂಟಾದ ಮಾರ್ಕಸ್ ಆಟಿಸಂ ಸೆಂಟರ್ ಮತ್ತು ಎಮೊರಿಯವರು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಊಟದ ತೊಂದರೆ ಈ ಮಕ್ಕಳಲ್ಲಿ ಐದು ಪಟ್ಟು ಹೆಚ್ಚು. ಕ್ಯಾಲ್ಸಿಯಂ, ಪ್ರೋಟೀನ್ ಸಿಗುವುದು ಕಡಿಮೆ. ವಾಸನೆ, ಬಣ್ಣ, ಬಾಯಿಗೆ ಸಿಗುವ ಒಂದು ಸಾಸಿವೆ ಕಾಳು ಕೂಡ ಅವರಿಗೆ ಸಹಿಸಲಾಗದೆ ಹೋಗಬಹುದು. ಇದು ಹಟವಲ್ಲ.

ಈಗ ಮೂರು ಹೊತ್ತೂ ಮೊಸರನ್ನ ಮಾತ್ರ ತಿನ್ನುವ ಮಗುವನ್ನು ನೆನೆಯಿರಿ. ಮೊಸರು ತೆಗೆದರೆ ತಟ್ಟೆಯಲ್ಲಿ ಉಳಿಯುವುದು ಬರೀ ಅನ್ನ. ಸಸ್ಯಾಹಾರಿ ಮನೆಯಲ್ಲಿ ಬಿ12 ಬರುವುದೇ ಮುಖ್ಯವಾಗಿ ಹಾಲು ಮೊಸರಿನಿಂದ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ ಹುಡುಗರ ಮೂಳೆ ತೆಳುವಾಗಿತ್ತು. ಹಾಲು ಬಿಟ್ಟವರದು ಇನ್ನೂ ತೆಳು.

ಹಾಗಾದರೆ ಏನು ಮಾಡಬೇಕು?

* ಮೊದಲು ಹೊಟ್ಟೆ ನೋಡಿ. ಈ ಮಕ್ಕಳಲ್ಲಿ ಮಲಬದ್ಧತೆ ಹೆಚ್ಚು. ಮಾತು ಬಾರದ ಮಗು ನೋವನ್ನು ತಲೆ ಚಚ್ಚಿಕೊಂಡು ಹೇಳಬಹುದು. ನಾವು ಅದನ್ನು ಆಟಿಸಂ ಅಂದುಕೊಂಡು ಸುಮ್ಮನಿರುತ್ತೇವೆ. ನೋವು ಹೋದರೆ ನಿದ್ದೆಯೂ ಬರುತ್ತೆ, ಮನಸ್ಸೂ ಹಗುರಾಗುತ್ತೆ.

* ಗೋಧಿ ನಿಲ್ಲಿಸುವ ಮುನ್ನವೇ ಡಾಕ್ಟರ ಹತ್ತಿರ ಸೀಲಿಯಾಕ್ ಪರೀಕ್ಷೆ ಮಾಡಿಸಿ. ನಿಲ್ಲಿಸಿದ ಮೇಲೆ ಮಾಡಿಸಿದರೆ ರೋಗ ಇದ್ದರೂ ಕಾಣದೆ ಹೋಗಬಹುದು.

* ಡಯೆಟ್ ಮಾಡಲೇಬೇಕಿದ್ದರೆ ಡಯೆಟಿಶಿಯನ್ ಜೊತೆಗಿರಲಿ. ನಮ್ಮ ಅಡಿಗೆಯೂ ಜೊತೆಗಿದೆ. ಇಡ್ಲಿ, ಅಕ್ಕಿ ರೊಟ್ಟಿ, ರಾಗಿ ಮುದ್ದೆಯಲ್ಲಿ ಗ್ಲೂಟನ್ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ರವೆ ಇಡ್ಲಿ ಗೋಧಿಯದೇ. ಅಂಗಡಿಯ ಇಂಗಿನಲ್ಲೂ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತೆ, ಡಬ್ಬಿ ಓದಿ.

* ಹೊಸ ತಿನಿಸನ್ನು ಮೊಸರನ್ನದೊಳಗೆ ಬಚ್ಚಿಡಬೇಡಿ, ಗೊತ್ತಾದರೆ ಅದನ್ನೂ ಬಿಟ್ಟುಬಿಡಬಹುದು. ತಟ್ಟೆಯ ಪಕ್ಕದಲ್ಲಿ ಚೂರೇ ಚೂರು ಇಡಿ. ಇವತ್ತು ಮುಟ್ಟಿದರೂ ಸಾಕು.

ಕೊನೆಗೆ, ನಾವೆಲ್ಲರೂ ಮಾಡಬಹುದಾದ್ದು. ಹಬ್ಬದೂಟಕ್ಕೆ ಯಾವುದಾದರೂ ತಾಯಿ ಮಗುವಿಗೆ ಬೇರೆ ಡಬ್ಬಿ ತಂದಿದ್ದರೆ "ಯಾಕೆ?" ಅಂತ ಕೇಳಬೇಡಿ. ಬಿಸಿ ಮಾಡಿ ಕೊಡಿ. ಊರಿನ ಅಜ್ಜಿ ತಾತಂದಿರಿಗೆ ಇದನ್ನೆಲ್ಲ ಕನ್ನಡದಲ್ಲೇ ಬಿಡಿಸಿ ಹೇಳಿ. ಆಟಿಸಂ ತಾಯಿಯ ಅಡಿಗೆಯಿಂದ ಬಂದದ್ದಲ್ಲ, ಅಡಿಗೆಯಿಂದ ಹೋಗುವುದೂ ಇಲ್ಲ. ಮಗು ಹೊಟ್ಟೆ ತುಂಬ, ನೋವಿಲ್ಲದೆ ಉಣ್ಣುವಂತೆ ಮಾಡುವುದು ಮಾತ್ರ ನಮ್ಮ ಕೈಲಿದೆ.

ಬನ್ನಿ, ಊಟಕ್ಕೆ ಏಳೋಣ.