ಪರದೇಶದಲ್ಲಿ ಸ್ವಂತ ಮನೆ: ಕೊಳ್ಳುವ ಮುನ್ನ ಓದಬೇಕಾದ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯಲ್ಲಿ ಉರ್ದು, ಕನ್ನಡ ಪಾಠ ಹೇಳುವವರಿಗೆ ದುಬೈನ ಮನೆಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣ ಇಷ್ಟೇ. ಭಟ್ಕಳ, ಉಡುಪಿ, ಮಂಗಳೂರಿನಿಂದ ಹಿಡಿದು ಬೆಂಗಳೂರಿನವರೆಗೆ ನಮ್ಮ ಎಷ್ಟೋ ಮನೆಗಳ ಒಬ್ಬ ಮಗನಾದರೂ ಕೊಲ್ಲಿಯಲ್ಲಿದ್ದಾನೆ. ಹಿಂದೆ ಅಲ್ಲಿ ದುಡಿದವರು ಊರಿನಲ್ಲಿ ಸೈಟು ಕೊಂಡು ಮನೆ ಕಟ್ಟುತ್ತಿದ್ದರು. ಈಗಿನ ಹುಡುಗರು ‘ಇಲ್ಲಿ ಬಾಡಿಗೆಗೆ ಸುರಿಯುವ ಹಣದಲ್ಲಿ ಇಲ್ಲೇ ಫ್ಲ್ಯಾಟ್ ಕೊಳ್ಳಬಾರದೇಕೆ?’ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಕಾಗದಪತ್ರಗಳಲ್ಲಿದೆ. ಅವನ್ನು ಓದುವುದು ವಿದ್ಯೆಯ ಕೆಲಸ. ಹಾಗಾಗಿ ಇದು ಶಿಕ್ಷಕರ ವಿಷಯವೂ ಹೌದು.

ಮೊದಲು ಒಡೆತನದ ಮಾತು. 2002ರಲ್ಲಿ ದುಬೈ ಸರ್ಕಾರ ವಿದೇಶೀಯರಿಗೂ ಮನೆ ಕೊಳ್ಳುವ ಬಾಗಿಲು ತೆರೆಯಿತು. 2006ರ 7ನೇ ಕಾನೂನು ಅದಕ್ಕೆ ಭದ್ರವಾದ ಆಧಾರ ಕೊಟ್ಟಿತು. ಆದರೆ ಎಲ್ಲೆಂದರಲ್ಲಿ ಕೊಳ್ಳುವಂತಿಲ್ಲ. ಆಡಳಿತಗಾರರು ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ. ದುಬೈ ಮರೀನಾ, ಪಾಮ್ ಜುಮೈರಾ, ಇಂಟರ್‌ನ್ಯಾಷನಲ್ ಸಿಟಿ ಇಂಥ ಪ್ರದೇಶಗಳು. ನಮ್ಮವರು ಹಲವು ವರ್ಷಗಳಿಂದ ಬಾಡಿಗೆಗಿರುವ ದೇರಾದ ಹಳೆಯ ಬೀದಿಗಳಲ್ಲಿ ಬಹುಪಾಲು ಆ ಪಟ್ಟಿಯಲ್ಲಿಲ್ಲ. ಹಕ್ಕಿನಲ್ಲೂ ಭೇದವುಂಟು. ಫ್ರೀಹೋಲ್ಡ್ ಎಂದರೆ ನಮ್ಮ ಕ್ರಯಪತ್ರದಂತೆ ಪೂರ್ಣ ಒಡೆತನ. ಲೀಸ್‌ಹೋಲ್ಡ್ ಎಂದರೆ ಹೆಚ್ಚೆಂದರೆ 99 ವರ್ಷಗಳ ಗೇಣಿ. ಎರಡನ್ನೂ ‘ಸ್ವಂತ ಮನೆ’ ಎಂದೇ ದಲ್ಲಾಳಿ ಹೇಳುತ್ತಾನೆ. ಕಾಗದ ಹಾಗೆ ಹೇಳುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ದುಬೈ ನ್ಯಾಯಾಲಯದ ಅಧಿಕೃತ ಭಾಷೆ ಅರಬ್ಬಿ. ಒಡೆತನಕ್ಕೆ ಅಲ್ಲಿ ‘ಮಿಲ್ಕಿಯ್ಯ’, ಬಾಡಿಗೆಗೆ ‘ಈಜಾರ್’, ಅಡಮಾನಕ್ಕೆ ‘ರಹ್ನ್’, ಅಧಿಕಾರಪತ್ರಕ್ಕೆ ‘ವಕಾಲ’ ಎನ್ನುತ್ತಾರೆ. ಉರ್ದು ಕಲಿತವರಿಗೆ ಇವು ಹೊಸವಲ್ಲ. ಕನ್ನಡದ ಮಾಲೀಕ, ಇಜಾರೆ, ವಕೀಲ, ವಾರಸು ಎಂಬ ಪದಗಳು ಬಂದದ್ದೂ ಅಲ್ಲಿಂದಲೇ. ತರಗತಿಯಲ್ಲಿ ಬಾಯಿಪಾಠ ಮಾಡಿದ ಪದ ಮುಂದೊಂದು ದಿನ ಲಕ್ಷಗಟ್ಟಲೆ ಹಣದ ಕಾವಲಿಗೆ ನಿಲ್ಲುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯದು, ಮನೆ ಬೇರೆ, ವಾಸದ ಹಕ್ಕು ಬೇರೆ. ಊರಿನಲ್ಲಿ ಮನೆಯಿದ್ದವನನ್ನು ಊರು ಬಿಡು ಎಂದು ಯಾರೂ ಹೇಳುವುದಿಲ್ಲ. ಪರದೇಶದಲ್ಲಿ ಹಾಗಲ್ಲ. ನೌಕರಿ ಹೋದರೆ ನೌಕರಿಯ ವೀಸಾ ಹೋಗುತ್ತದೆ. ಮನೆ ನಿಮ್ಮದಾಗಿಯೇ ಉಳಿದರೂ ಅದರಲ್ಲಿ ವಾಸಿಸಲು ಬೇರೆ ವೀಸಾ ಬೇಕು. ಆಸ್ತಿಯ ಆಧಾರದ ಮೇಲೆ 10 ವರ್ಷಗಳ ಗೋಲ್ಡನ್ ವೀಸಾ ಸಿಗುತ್ತದೆ ನಿಜ. ಅದಕ್ಕೆ ಆಸ್ತಿಯ ಮೌಲ್ಯ ಕನಿಷ್ಠ 20 ಲಕ್ಷ ದಿರ್ಹಮ್ ಇರಬೇಕು. ಅದೂ ವಾಸದ ಪರವಾನಗಿಯೇ ಹೊರತು ಪೌರತ್ವವಲ್ಲ.

ಮೂರನೆಯದು ಲೆಕ್ಕ. 10 ಲಕ್ಷ ದಿರ್ಹಮ್‌ನ ಫ್ಲ್ಯಾಟ್ ಎಂದಿಟ್ಟುಕೊಳ್ಳೋಣ. 2020ರ ಬದಲಾವಣೆಯ ನಂತರ ವಿದೇಶೀಯನ ಮೊದಲ ಮನೆಗೆ, ಅದರ ಬೆಲೆ 50 ಲಕ್ಷ ದಿರ್ಹಮ್ ಮೀರದಿದ್ದರೆ, ಬ್ಯಾಂಕು ಹೆಚ್ಚೆಂದರೆ ಶೇ. 80ರಷ್ಟು ಸಾಲ ಕೊಡಬಹುದು. ಉಳಿದ 2 ಲಕ್ಷ ಕೈಯಿಂದ. ಭೂ ಇಲಾಖೆಯ ನೋಂದಣಿ ಶುಲ್ಕ ಶೇ. 4, ಅಂದರೆ 40 ಸಾವಿರ. ಇದು ಸಾಮಾನ್ಯವಾಗಿ ಕೊಳ್ಳುವವನ ಮೇಲೆಯೇ ಬೀಳುತ್ತದೆ. ರೂಢಿಯಂತೆ ದಲ್ಲಾಳಿಗೆ ಶೇ. 2, ಅಂದರೆ 20 ಸಾವಿರ. ಬೀಗದ ಕೈ ಸಿಗುವ ಮೊದಲೇ 2 ಲಕ್ಷ 60 ಸಾವಿರ ದಿರ್ಹಮ್ ಬೇಕಾಯಿತು. ಆ ಮೇಲೆ ಕಟ್ಟಡದ ನಿರ್ವಹಣಾ ಶುಲ್ಕ ಪ್ರತಿವರ್ಷ ಚದರಡಿ ಲೆಕ್ಕದಲ್ಲಿ ಬರುತ್ತದೆ. ಎಲ್ಲ ಸಾಲಗಳ ಕಂತು ಸೇರಿ ಸಂಬಳದ ಅರ್ಧವನ್ನು ಮೀರಬಾರದು, ಅವಧಿ 25 ವರ್ಷ ದಾಟಬಾರದು ಎಂಬ ನಿಯಮವೂ ಇದೆ. ಊರಿಗೆ ಕಳಿಸುವ ಹಣ, ತಂಗಿಯ ಮದುವೆ, ತಂದೆಯ ಔಷಧಿ ಇವು ಬ್ಯಾಂಕಿನ ಲೆಕ್ಕದಲ್ಲಿ ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಬರಬೇಕು.

ಬಡ್ಡಿಯ ವಿಚಾರ ಇಲ್ಲಿ ಏಳುತ್ತದೆ. ದುಬೈನಲ್ಲಿ 1975ರಿಂದಲೂ ಇಸ್ಲಾಮಿಕ್ ಬ್ಯಾಂಕ್ ಇದೆ. ಇಜಾರಾ ಪದ್ಧತಿಯಲ್ಲಿ ಬ್ಯಾಂಕು ಮನೆ ಕೊಂಡು ನಮಗೆ ಬಾಡಿಗೆಗೆ ಕೊಟ್ಟು, ಕೊನೆಗೆ ಒಡೆತನ ವರ್ಗಾಯಿಸುತ್ತದೆ. ಹೆಸರು ಅರಬ್ಬಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಸಮಾಧಾನಪಡಬೇಡಿ. ಅವಧಿ ಮುಗಿಯುವವರೆಗೆ ಮನೆ ಯಾರ ಹೆಸರಿನಲ್ಲಿರುತ್ತದೆ, ಬಾಡಿಗೆ ಯಾವಾಗ ಏರುತ್ತದೆ, ನಡುವೆ ಕಂತು ನಿಂತರೆ ಏನಾಗುತ್ತದೆ ಎಂದು ಕೇಳಿ. ಆ ಕರಾರನ್ನೇ ಹಿಡಿದುಕೊಂಡು ಹೋಗಿ ಆಲಿಮರ ಮುಂದಿಡಿ.

ನಾಲ್ಕನೆಯದು, ಇನ್ನೂ ಕಟ್ಟದ ಮನೆ. 2008ರ ಕೊನೆಯಲ್ಲಿ ಜಾಗತಿಕ ಆರ್ಥಿಕ ಮುಗ್ಗಟ್ಟು ಬಂದಾಗ ದುಬೈನಲ್ಲಿ ಮನೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು; ಎಷ್ಟೋ ಕಟ್ಟಡಗಳು ಅರ್ಧಕ್ಕೇ ನಿಂತವು. ಕಂತು ಕಟ್ಟಿದವರಲ್ಲಿ ಅನೇಕರ ಕೈಯಲ್ಲಿ ಉಳಿದದ್ದು ರಸೀದಿ ಮಾತ್ರ. ಅದಕ್ಕೂ ಮುಂಚೆಯೇ, 2007ರ 8ನೇ ಕಾನೂನು ಪ್ರತಿ ಯೋಜನೆಗೂ ಪ್ರತ್ಯೇಕ ಎಸ್ಕ್ರೋ ಖಾತೆ ಇರಬೇಕೆಂದು ವಿಧಿಸಿತ್ತು. ಗಿರಾಕಿಯ ಹಣ ಆ ಖಾತೆಗೆ ಹೋಗಬೇಕು, ಆ ಕಟ್ಟಡಕ್ಕೇ ಬಳಕೆಯಾಗಬೇಕು. ಆದ್ದರಿಂದ ಬಿಲ್ಡರನ ಸ್ವಂತ ಖಾತೆಗಾಗಲಿ, ದಲ್ಲಾಳಿಯ ಕೈಗಾಗಲಿ ಕಂತಿನ ಹಣ ಕೊಡಬೇಡಿ. ಯೋಜನೆ ಭೂ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ನಿಮ್ಮ ಹೆಸರು ಅಲ್ಲಿ ದಾಖಲಾಗಿದೆಯೇ ಎಂದು ನೀವೇ ನೋಡಿ.

ಇನ್ನು ನಮ್ಮ ದೇಶದ ಕಾನೂನು. ಹೊರದೇಶದಲ್ಲಿ ವಾಸವಿದ್ದಾಗ ಕೊಂಡ ಮನೆಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು 1999ರ ಫೆಮಾ ಕಾಯ್ದೆಯ 6(4)ನೇ ಕಲಂ ಅವಕಾಶ ಕೊಡುತ್ತದೆ. ಭಾರತದಲ್ಲೇ ಇರುವ ತಂದೆ ಅಥವಾ ಅಣ್ಣ ಇಲ್ಲಿಂದ ಹಣ ಕಳಿಸಬೇಕಾದರೆ ಬ್ಯಾಂಕಿನ ಮೂಲಕ ವರ್ಷಕ್ಕೆ ಒಬ್ಬರಿಗೆ 2 ಲಕ್ಷ 50 ಸಾವಿರ ಡಾಲರ್ ಮಿತಿಯಿದೆ. ಹುಂಡಿಯ ದಾರಿ ಅಪರಾಧದ ದಾರಿ. ಮರಳಿ ಬಂದು ಪೂರ್ಣ ನಿವಾಸಿಯಾದವರು ಆ ಮನೆಯನ್ನು ಪ್ರತಿವರ್ಷ ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಪ್ರಾಮಾಣಿಕವಾಗಿ ಬೆವರು ಸುರಿಸಿ ಗಳಿಸಿದ ಮನೆ ಒಂದು ಸಾಲು ಬರೆಯದ ಕಾರಣಕ್ಕೆ ಕಳ್ಳಮಾಲಿನಂತೆ ಕಾಣಬೇಕೆ?

ಕೊನೆಯದಾಗಿ ತಾಯಂದಿರ ವಿಷಯ. ಮುಂಗಡಕ್ಕೆ ಹೆಂಡತಿಯ ಒಡವೆ ಮಾರುತ್ತೇವೆ, ಕಾಗದದಲ್ಲಿ ಗಂಡನ ಹೆಸರು ಮಾತ್ರ ಬರೆಸುತ್ತೇವೆ. ಗಂಡ ತೀರಿಕೊಂಡರೆ, ಮಕ್ಕಳಿರುವ ವಿಧವೆಗೆ ಶರೀಅತ್ತಿನ ಪ್ರಕಾರ ಸಿಗುವುದು ಎಂಟನೇ ಒಂದು ಭಾಗ. ಅದು ಗಂಡನ ಆಸ್ತಿಯಲ್ಲಿ ಅವಳ ಪಾಲು. ಅವಳದೇ ಹಣ ಅದರಲ್ಲಿ ಬೆರೆತಿದ್ದರೆ ಅದು ಪಾಲಿನ ಮಾತಲ್ಲ, ಅವಳ ಸ್ವಂತ ಹಕ್ಕಿನ ಮಾತು. ಆದರೆ ಪರದೇಶದ ಕಚೇರಿಯಲ್ಲಿ ಅದನ್ನು ರುಜುವಾತು ಮಾಡುವವರು ಯಾರು? ಹಣ ಯಾರದೋ, ಎಷ್ಟೋ ಅಷ್ಟು ಭಾಗಕ್ಕೆ ಅವರ ಹೆಸರು ಮೊದಲ ದಿನವೇ ನೋಂದಣಿಯಾಗಲಿ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ತು ಅಲ್ ಬಕರಾ ಸೂರೆಯ 282ನೆಯದು. ಅದರ ವಿಷಯವೇ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ಇಡುವುದು. ಹೀಗಿದ್ದೂ ನಮ್ಮ ಮನೆಗಳಲ್ಲಿ ‘ಮನೆಯವರ ನಡುವೆ ಕಾಗದ ಯಾಕೆ’ ಎನ್ನುತ್ತೇವೆ.

ಪರದೇಶದಲ್ಲಿ ಮನೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೇ ಬಹುಕಾಲ ದುಡಿಯುವವರಿಗೆ, ಮಕ್ಕಳು ಅಲ್ಲಿಯೇ ಓದುತ್ತಿರುವವರಿಗೆ ಅದು ಒಳ್ಳೆಯದೇ ಆಗಬಹುದು. ಆದರೆ ದುಬೈನ ನಿಯಮ ಬೇರೆ ದೇಶಕ್ಕೆ ಅನ್ವಯಿಸುವುದಿಲ್ಲ. ಸೌದಿ ಅರೇಬಿಯಾ 2025ರಲ್ಲಿ ಅಂಗೀಕರಿಸಿದ ಕಾನೂನು ಬೇರೆಯೇ ಇದೆ, ಮಕ್ಕಾ ಮದೀನಾಗಳಿಗೆ ಅದರಲ್ಲಿ ಪ್ರತ್ಯೇಕ ನಿರ್ಬಂಧಗಳಿವೆ. ಹಾಗಾಗಿ ಆಯಾ ದೇಶದ ಕಾಗದ ಓದಿ, ತಿಳಿಯದ್ದನ್ನು ಆ ದೇಶದ ವಕೀಲರಿಂದ ಕೇಳಿ, ಆಮೇಲೆ ಸಹಿ ಹಾಕಿ. ನೌಕರಿ ಹೋದ ಮರುತಿಂಗಳು ಈ ಮನೆಯ ಕಂತು ಕಟ್ಟುವವರು ಯಾರು, ನಾನಿಲ್ಲದ ದಿನ ಇದರ ಬಾಗಿಲು ತೆರೆಯುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟವನು ಧೈರ್ಯವಾಗಿ ಕೊಳ್ಳಲಿ.

ವಿದ್ಯಾರ್ಥಿಗಳೇ, ನಿಮ್ಮ ಅಣ್ಣಂದಿರು ಕಳಿಸುವ ಕಾಗದಗಳನ್ನು ಮನೆಯವರಿಗೆ ಓದಿ ಹೇಳುವಷ್ಟು ಕಲಿಯಿರಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ.